ತಾಳ ನಿಲ್ಲಲ್ಲ ಕಣಮ್ಮ

ಪಿಟೀಲು ಕಲಿಯುವ ಮಗು ಮನೆಯಲ್ಲಿದ್ದರೆ ಬಂದ ನೆಂಟರೆಲ್ಲ ಕೇಳುವುದು ಒಂದೇ. 'ಎಲ್ಲಿ, ಏನಾದ್ರೂ ನುಡಿಸು ನೋಡೋಣ.' ಕಾಫಿ ಲೋಟ ಖಾಲಿಯಾಗುವ ಮೊದಲೇ ಈ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ನಮ್ಮ ಪುಟ್ಟಿ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡಿರುತ್ತಿದ್ದಳು. 'ಮಗೂಗೆ ತುಂಬಾ ನಾಚಿಕೆ' ಅಂತ ನೆಂಟರು ನಗುತ್ತಾ ಎದ್ದು ಹೋಗುತ್ತಿದ್ದರು. ನಾನು ಬಾಗಿಲ ಹತ್ತಿರ ಹೋಗಿ ನಿಂತರೆ ಒಳಗಿನಿಂದ ಬಿಕ್ಕುವ ಸದ್ದು ಕೇಳಿಸುತ್ತಿತ್ತು.

ಅದೇ ಹುಡುಗಿ ಹೋದ ಗಣಪತಿ ಹಬ್ಬದಲ್ಲಿ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ಒಬ್ಬಳೇ ಕೂತು ನುಡಿಸಿದಳು. ಏನು ಮಾಡಿದ್ರಿ, ಹೇಗೆ ಹೆದರಿಕೆ ಬಿಡಿಸಿದ್ರಿ ಅಂತ ತುಂಬಾ ಜನ ಕೇಳಿದರು. ಮುಖ್ಯವಾಗಿ ತಮ್ಮ ಮಕ್ಕಳೂ ಹೀಗೇ ಓಡಿಹೋಗುವ ಅಮ್ಮಂದಿರು. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಹೆದರಿಕೆ ಬಿಟ್ಟಿಲ್ಲ.

ನಾವಿರುವುದು ಮೈಸೂರಿನಲ್ಲಿ. ಪುಟ್ಟಿಗೆ ಏಳು ತುಂಬಿದಾಗ ಪಿಟೀಲು ಮೇಷ್ಟ್ರ ಹತ್ತಿರ ಸೇರಿಸಿದೆವು. ದೊಡ್ಡವರ ಪಿಟೀಲು ಮಕ್ಕಳ ಕೈಗೆ ನಿಲುಕುವುದಿಲ್ಲ. ಕಾಲು, ಅರ್ಧ, ಮುಕ್ಕಾಲು ಅಂತ ಅಳತೆಗಳಿವೆ. ಅವಳಿಗೆ ಬಂದಿದ್ದು ಅರ್ಧದ್ದು. ಮೊದಲ ಕೆಲವು ತಿಂಗಳು ಏನು ಸದ್ದು ಅಂತೀರಿ! ಪಕ್ಕದ ಮನೆಯವರು ಒಳ್ಳೆಯವರು, ಒಂದು ಮಾತೂ ಅನ್ನಲಿಲ್ಲ. ಕಿಟಕಿ ಮಾತ್ರ ಮುಚ್ಚಿಕೊಂಡರು. ಮಾಯಾಮಾಳವಗೌಳ ರಾಗದಲ್ಲಿ ಸ ರಿ ಗ ಮ ಸಾಲಾಗಿ ಹತ್ತಿ ಇಳಿಯುವ ಸರಳೆ ವರಸೆ, ಸ್ವರಗಳು ಜೋಡಿಯಾಗಿ ಬರುವ ಜಂಟಿ ವರಸೆ, ಆಮೇಲೆ ಏಳು ತಾಳಗಳ ಅಲಂಕಾರ, ಅಲ್ಲಿಂದ ಮಲಹರಿ ರಾಗದ ಪಿಳ್ಳಾರಿ ಗೀತೆಗಳು ಎನ್ನುವ ಚಿಕ್ಕ ಹಾಡುಗಳು. ಪುರಂದರದಾಸರು ಹಾಕಿಕೊಟ್ಟಿದ್ದು ಎನ್ನುವ ಆ ದಾರಿಯಲ್ಲೇ ಎಲ್ಲ ಮಕ್ಕಳ ಹಾಗೆ ಇವಳೂ ಹೋದಳು. ಎರಡನೇ ವರ್ಷಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ನುಡಿಸಿದರೆ ಅಡುಗೆಮನೆಯಲ್ಲಿ ನಾನು ಸೌಟು ಹಿಡಿದುಕೊಂಡೇ ನಿಂತು ಕೇಳುವಷ್ಟು ಚೆನ್ನಾಗಿ ಬರುತ್ತಿತ್ತು. ಬಾಗಿಲು ತೆರೆದೆನೋ, ಮುಗಿಯಿತು. ತಂತಿಯ ಮೇಲೆ ಎಳೆಯುವ ಕಮಾನು ಗೇಣುದ್ದಕ್ಕೆ ಬಂದುಬಿಡುತ್ತಿತ್ತು.

ಮೊದಲು ಜನರ ಮುಂದೆ ಕೂತಿದ್ದು ಪುರಂದರದಾಸರ ಆರಾಧನೆಯಲ್ಲಿ. ಪುಷ್ಯ ಬಹುಳ ಅಮಾವಾಸ್ಯೆ, ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತದೆ. ಮೇಷ್ಟ್ರ ಶಿಷ್ಯರೆಲ್ಲ ಒಟ್ಟಿಗೆ ಕೂತು ಒಂದಷ್ಟು ಗೀತೆಗಳನ್ನು ನುಡಿಸುವುದು ರೂಢಿ. ಚಿಕ್ಕ ಮಕ್ಕಳಿಗೆ ಇದು ಒಳ್ಳೆಯ ಏರ್ಪಾಡು, ಗುಂಪಿನಲ್ಲಿ ಯಾರ ತಪ್ಪೂ ಯಾರಿಗೂ ಕಾಣುವುದಿಲ್ಲ. ಪುಟ್ಟಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕಮಾನು ಎಲ್ಲರ ಜೊತೆ ಸರಿಯಾಗಿ ಮೇಲೆ ಕೆಳಗೆ ಹೋಗುತ್ತಿತ್ತು. ಬೆರಳುಗಳೂ ಓಡಾಡುತ್ತಿದ್ದವು. ನನಗೆ ಖುಷಿಯಾಯಿತು. ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ ಕಮಾನು ತಂತಿಗೆ ತಾಕುತ್ತಲೇ ಇರಲಿಲ್ಲ. ಕೂದಲೆಳೆಯಷ್ಟು ಮೇಲೆ, ಗಾಳಿಯಲ್ಲೇ ಓಡುತ್ತಿತ್ತು! ಕಾರ್ಯಕ್ರಮ ಪೂರ್ತಿ ಅವಳ ಪಿಟೀಲಿನಿಂದ ಒಂದು ಸ್ವರವೂ ಬರಲಿಲ್ಲ.

ಪ್ರಸಾದದ ಸಾಲಿನಲ್ಲಿ ಮೇಷ್ಟ್ರ ಕಿವಿಗೆ ಹಾಕಿದೆ. 'ನೋಡ್ದೆ ಕಣಮ್ಮಾ' ಅಂದರು. 'ಬೈಬೇಡಿ. ತಂತಿ ಮೇಲಿಂದ ಅಷ್ಟು ಮೆಲ್ಲಗೆ, ಒಂದು ಸಲವೂ ತಾಕಿಸದೆ ಎಳೆಯೋದು ನನ್ನ ಕೈಲೂ ಆಗಲ್ಲ. ಕೈಯಲ್ಲಿ ಹಿಡಿತ ಇದೆ ಅಂತಾಯ್ತಲ್ಲ.' ಹೀಗೆ ಯೋಚಿಸುವ ಮೇಷ್ಟ್ರು ಸಿಕ್ಕಿದ್ದು ನಮ್ಮ ಪುಣ್ಯ. ಬೇರೆ ಕಡೆ ಇದಕ್ಕೆ ಕಿವಿ ಹಿಂಡಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ.

ಆಮೇಲೆ ಅವರು ಹೇಳಿದ ಒಂದು ವಿಷಯ ನನಗೆ ಹೊಸದು. ಹಾಡುವವರಿಗೆ ಗಂಟಲು ಒಣಗಿದರೆ ಒಂದು ಗುಟುಕು ನೀರು ಕುಡಿಯಬಹುದು. ಮೃದಂಗದವರಿಗೆ ಕೈ ನಡುಗಿದರೂ ಪೆಟ್ಟು ಬಿದ್ದಾಗ ನಡುಕ ಕಾಣುವುದಿಲ್ಲ. ಪಿಟೀಲಿನಲ್ಲಿ ಹಾಗಲ್ಲ. ಬಲಗೈ ಒಂಚೂರು ನಡುಗಿದರೂ ಕಮಾನು ತಂತಿಯ ಮೇಲೆ ಕುಣಿಯುತ್ತದೆ, ಆ ನಡುಕ ಹಾಗೇ ನಾದದಲ್ಲಿ ಕೇಳಿಸುತ್ತದೆ. ತನ್ನ ಹೆದರಿಕೆಯನ್ನು ಮಗು ತನ್ನ ಕಿವಿಯಲ್ಲೇ ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು ಇನ್ನೂ ಹೆದರುತ್ತದೆ. ಎಡಗೈ ಬೆರಳು ಬೆವರಿದರೆ ಸ್ವರದ ಜಾಗದಿಂದ ಜಾರುತ್ತದೆ. ಪಿಟೀಲಿನಲ್ಲಿ ವೀಣೆಯ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ, ಒಂದು ನೂಲು ಆಚೀಚೆ ಆದರೂ ಅಪಸ್ವರ. 'ಇಷ್ಟೆಲ್ಲ ಇದ್ಮೇಲೆ ಮಗು ಹೆದರದೆ ಇನ್ನೇನು ಮಾಡತ್ತೆ?' ಅಂದರು ಮೇಷ್ಟ್ರು.

ಅವರು ಧೈರ್ಯದ ಮಾತು ಆಡಲೇ ಇಲ್ಲ. 'ಹೆದರಬೇಡ' ಅಂತ ಅವಳಿಗೆ ಒಂದು ಸಲವೂ ಹೇಳಿದ್ದು ನಾನು ಕೇಳಿಲ್ಲ. ನಮಗೂ ಹೇಳಬೇಡಿ ಅಂದರು. ಬದಲಿಗೆ ಕೆಲಸ ಕೊಟ್ಟರು.

ಮೊದಲ ಕೆಲಸ, ಅವಳ ಕಡೆ ನೋಡದ ಒಬ್ಬರ ಮುಂದೆ ನುಡಿಸುವುದು. ಅವರೆಕಾಯಿ ಕಾಲ ಇನ್ನೂ ಮುಗಿದಿರಲಿಲ್ಲ. ನಮ್ಮತ್ತೆ ಸಂಜೆ ಹೊತ್ತು ಪಡಸಾಲೆಯಲ್ಲಿ ನೆನೆದ ಅವರೆಕಾಳಿನ ಬೇಸನ್ ಇಟ್ಟುಕೊಂಡು ಹಿದುಕುತ್ತಾ ಕೂರುತ್ತಿದ್ದರು. ಹೆಬ್ಬೆರಳು ತೋರುಬೆರಳ ಮಧ್ಯೆ ಕಾಳು ಒತ್ತಿದರೆ ಬೇಳೆ ಪಟಕ್ಕನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಕಣ್ಣು ಕಾಳಿನ ಮೇಲೇ ಇರಬೇಕು. 'ಅಜ್ಜಿ ಕೆಲಸ ಮಾಡ್ತಿರ್ತಾರೆ, ನೀನು ನಿನ್ನ ಪಾಡಿಗೆ ಪಕ್ಕದಲ್ಲಿ ಅಭ್ಯಾಸ ಮಾಡ್ಕೋ' ಅಂದೆ. ಮೊದಲ ದಿನ ಗೋಡೆಯ ಕಡೆ ಮುಖ ಮಾಡಿ ಕೂತಳು. ಅತ್ತೆ ಸುಮ್ನೆ ಹಿದುಕುತ್ತಾ ಇದ್ದರು. ಶಹಬ್ಬಾಸ್ ಅನ್ನಲಿಲ್ಲ, ತಲೆಯೂ ಎತ್ತಲಿಲ್ಲ. ಒಂದು ದಿನ ಪುಟ್ಟಿ ಅರ್ಧಕ್ಕೆ ನಿಲ್ಲಿಸಿದಾಗ ಮಾತ್ರ, 'ಯಾಕೆ ನಿಲ್ಲಿಸ್ದೆ? ಇದು ಇದ್ರೆ ಕೈ ಬೇಗ ಓಡತ್ತೆ ನಂಗೆ' ಅಂದರು. ಮಗಳು ತಿರುಗಿ ಕೂತಳು. ಆ ವರ್ಷ ನಮ್ಮ ಮನೆಯಲ್ಲಿ ಹಿದುಕವರೆ ಬೇಳೆ ಸಾರು ಜಾಸ್ತಿಯೇ ಆಯಿತು.

ಆಮೇಲೆ ಕೇಳುವವರು ಒಬ್ಬೊಬ್ಬರಾಗಿ ಕೂಡಿಕೊಂಡರು. ಅಪ್ಪ ಪೇಪರ್ ಓದುತ್ತಾ, ಎದುರು ಮನೆಯ ಆಂಟಿ ಹೂ ಕಟ್ಟುತ್ತಾ. ಆಂಟಿಯವರ ಮಗ ಹೋಂವರ್ಕ್ ತರುತ್ತಿದ್ದ. ಮೇಷ್ಟ್ರ ನಿಯಮ ಎರಡೇ. ಹೊಗಳಬಾರದು, ಫೋನಿನಲ್ಲಿ ವಿಡಿಯೊ ಮಾಡಬಾರದು. ಪುಟ್ಟಿಯ ಅಪ್ಪನಿಗೆ ಎರಡನೆಯದು ತುಂಬಾ ಕಷ್ಟವಾಯಿತು. ಆದರೆ ಮೇಷ್ಟ್ರು ಹೇಳಿದ್ದು ನಿಜ. ಫೋನ್ ಎತ್ತಿದ ತಕ್ಷಣ ಮಗುವಿನ ಕಣ್ಣು ಅದರ ಮೇಲೆ ಹೋಗುತ್ತದೆ, ನುಡಿಸುವುದು ಬಿಟ್ಟು ಕಾಣಿಸಿಕೊಳ್ಳುವುದರ ಬಗ್ಗೆ ಯೋಚನೆ ಶುರು. ಈಗ ಐದು ವರ್ಷದ ಮಕ್ಕಳನ್ನೂ ಟಿವಿಯ ಸ್ಪರ್ಧೆಗೆ ನಿಲ್ಲಿಸಿ, ತಪ್ಪಿದಾಗ ಅಳುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇರಲಿ.

ಬೇಸಿಗೆ ರಜೆಯಲ್ಲಿ ಮೇಷ್ಟ್ರ ಮನೆಯಲ್ಲಿ ಇನ್ನೊಂದು ಆಟ ಶುರುವಾಯಿತು. ಒಬ್ಬರು ನುಡಿಸುವಾಗ ಉಳಿದ ಮಕ್ಕಳು ಕಾಟ ಕೊಡಬೇಕು. ಸ್ಟೀಲ್ ತಟ್ಟೆ ಬೀಳಿಸುವುದು, ಜೋರಾಗಿ ಸೀನುವುದು, ಮಧ್ಯೆ ಎದ್ದು ಓಡಾಡುವುದು. ಮೇಷ್ಟ್ರೇ ಒಂದು ಸಲ ಫೋನ್ ರಿಂಗ್ ಮಾಡಿಸಿ, 'ಹಲೋ, ಹಾಂ, ಹೇಳಿ' ಅಂತ ಗಟ್ಟಿಯಾಗಿ ಮಾತಾಡಿದರು. ನುಡಿಸುವವರು ನಿಲ್ಲಿಸಬಾರದು, ಅಷ್ಟೇ ಷರತ್ತು. ಸ್ವರ ತಪ್ಪಬಹುದು. ಸಾಹಿತ್ಯ ಮರೆಯಬಹುದು. ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು ಪೂರ್ತಿ, ಕಮಾನು ಎತ್ತಿ ಸುಮ್ಮನೆ ಕೂರಬಹುದು. ಆದರೆ ತಪ್ಪಿದ್ದನ್ನು ಸರಿ ಮಾಡಲು ಹಿಂದೆ ಹೋಗುವ ಹಾಗಿಲ್ಲ. ತಾಳ ಎಲ್ಲಿದೆ ನೋಡಿಕೊಂಡು ಮುಂದಿನ ಪೆಟ್ಟಿಗೆ ಸೇರಿಕೊಳ್ಳಬೇಕು.

ಮನೆಯಲ್ಲಿ ಕಲಿಯುವಾಗ ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ? ತಪ್ಪಿದ ತಕ್ಷಣ ನಿಲ್ಲಿಸು, ಮೊದಲಿಂದ ಬಾ ಅನ್ನುತ್ತೇವೆ. ಪಾಠಕ್ಕೆ ಅದು ಬೇಕು. ಆದರೆ ಮಗುವಿನ ಕೈಗೆ ತಪ್ಪಿದರೆ ನಿಲ್ಲುವುದೇ ಅಭ್ಯಾಸವಾಗಿರುತ್ತದೆ. ವೇದಿಕೆಯ ಮೇಲೂ ಅದು ನಿಲ್ಲುತ್ತದೆ. ನಿಂತ ಮೇಲೆ ಶುರು ಮಾಡುವುದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಅಲ್ಲಿಂದಲೇ ಅಳು. 'ನೀನು ನಿಂತ್ರೂ ತಾಳ ನಿಲ್ಲಲ್ಲ ಕಣಮ್ಮ. ಅದು ಬರ್ತಾನೇ ಇರತ್ತೆ. ಮುಂದಿನ ಸುತ್ತಿಗೆ ಹತ್ಕೋ' ಎನ್ನುವ ಮಾತನ್ನು ಆ ರಜೆಯಲ್ಲಿ ಎಷ್ಟು ಸಲ ಕೇಳಿದೆನೋ.

ಗಣಪತಿ ಹಬ್ಬಕ್ಕೆ ಒಬ್ಬಳೇ ನುಡಿಸಲಿ ಅಂತ ಮೇಷ್ಟ್ರು ಹೇಳಿದಾಗ ಪುಟ್ಟಿ ಒಂದು ವಾರ ಕ್ಲಾಸಿಗೆ ಹೋಗಲಿಲ್ಲ. ಹೊಟ್ಟೆನೋವು. ಅವರೇ ಮನೆಗೆ ಬಂದರು. ಮೈಸೂರಿನ ಎಂಟನೇ ಕ್ರಾಸಿನ ಗಣಪತಿ ಉತ್ಸವದಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ನುಡಿಸುತ್ತಾರೆ, ನಮ್ಮದು ಅದಲ್ಲ, ನಿಮ್ಮ ಬೀದಿಯ ಗಣೇಶ, ಹೆಚ್ಚು ಅಂದರೆ ಹತ್ತು ನಿಮಿಷ ಅಂದರು. 'ಬೇಡ ಅಂದ್ರೆ ಹಿಂದಿನ ದಿನವೂ ಬೇಡ ಅನ್ಬಹುದು. ಯಾರೂ ಏನೂ ಅನ್ನಲ್ಲ' ಅಂತಲೂ ಹೇಳಿದರು. ಆ ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ಹೊಟ್ಟೆನೋವು ಹೋಯಿತು.

ಏನು ನುಡಿಸಬೇಕು ಅನ್ನುವುದರ ಮೇಲೆ ನಮ್ಮ ಮನೆಯಲ್ಲಿ ಚರ್ಚೆ ಆಯಿತು. ಆ ಹೊತ್ತಿಗೆ ಅವಳು ಗೀತೆಗಳಿಗಿಂತ ಕಷ್ಟದ ಪಾಠವಾದ ವರ್ಣ ಶುರು ಮಾಡಿದ್ದಳು. ಮೇಷ್ಟ್ರು ಆರಿಸಿದ್ದು ಎರಡು ಗೀತೆ, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಸ್ವರಜತಿ. ಎಲ್ಲ ಹಿಂದಿನ ವರ್ಷದ ಪಾಠ. 'ಬರೀ ಗೀತೆನಾ?' ಅಂತ ನಮ್ಮ ನಾದಿನಿ ಮೂಗು ಮುರಿದಳು. ಮೇಷ್ಟ್ರ ಲೆಕ್ಕ ಬೇರೆ. ವೇದಿಕೆ ಹತ್ತಿದಾಗ ಬಂದಿದ್ದರಲ್ಲಿ ಅರ್ಧ ಹೋಗುತ್ತದೆ, ಉಳಿದ ಅರ್ಧದಲ್ಲಿ ನಡೆಯುವಂಥದ್ದನ್ನೇ ಕೊಡಬೇಕು. ಶುರುವಿನಲ್ಲಿ ಉದ್ದ ಸ್ವರ ಹಿಡಿಯುವುದು ಬೇಡ ಎಂದೂ ಹೇಳಿದರು. ವಿಳಂಬದಲ್ಲಿ ಕಮಾನು ಮೆಲ್ಲಗೆ ಎಳೆದಾಗಲೇ ನಡುಕ ಜಾಸ್ತಿ ಕೇಳಿಸುವುದು. ಮಧ್ಯಮ ಕಾಲದಲ್ಲಿ, ಕಮಾನು ಪೂರ್ತಿ ಬಳಸಿ ಧಾರಾಳವಾಗಿ ಎಳೆದರೆ ಕೈ ತಾನಾಗಿ ಒಂದು ಹದಕ್ಕೆ ಬರುತ್ತದೆ. ಮೊದಲ ಗೀತೆ ಶ್ರೀ ಗಣನಾಥ. ಮಲಹರಿ ರಾಗ, ರೂಪಕ ತಾಳ. ಹಬ್ಬಕ್ಕೂ ಸರಿಹೊಂದುತ್ತದೆ.

ಹಬ್ಬಕ್ಕೆ ಒಂದು ವಾರ ಇದ್ದಾಗ ರೇಷ್ಮೆ ಲಂಗ ಹಾಕಿಸಿ ನುಡಿಸಲು ಕೂರಿಸಿದೆ. ಸುಮ್ನೆ ಹೇಗೆ ಕಾಣುತ್ತಾಳೆ ನೋಡೋಣ ಅಂತ. ಒಳ್ಳೆಯದೇ ಆಯಿತು. ನಮ್ಮ ಪದ್ಧತಿಯಲ್ಲಿ ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಬಲಪಾದದ ಗಿಣ್ಣಿನ ಹತ್ತಿರ ಊರಿ, ಇನ್ನೊಂದು ತುದಿಯನ್ನು ಎಡಭುಜಕ್ಕೆ ಒತ್ತಿ ಹಿಡಿಯುತ್ತಾರಲ್ಲ, ರೇಷ್ಮೆಯ ಮೇಲೆ ಅದು ನಿಲ್ಲುವುದೇ ಇಲ್ಲ! ಸರಕ್ಕನೆ ಜಾರುತ್ತದೆ. ದಿನಾ ಪೈಜಾಮದಲ್ಲಿ ನುಡಿಸುವ ಮಗುವಿಗೆ ಇದು ಗೊತ್ತಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಬಲಗೈಯ ಗಾಜಿನ ಬಳೆಗಳೂ ಕಮಾನು ಎಳೆದಾಗಲೆಲ್ಲ ಗಲಗಲ. ಕೊನೆಗೆ ಹತ್ತಿಯ ಲಂಗ, ಬಳೆ ಎಡಗೈಗೂ ಇಲ್ಲ. 'ಹಬ್ಬದ ದಿನ ಹತ್ತಿ ಬಟ್ಟೆನಾ' ಅಂತ ಅತ್ತೆ ಗೊಣಗಿದರು. ಅವರೇ ಜರಿ ಅಂಚು ಇರುವ ಖಣದ ರವಿಕೆ ಹುಡುಕಿ ಕೊಟ್ಟರು.

ಮೈಕಿನದು ಇನ್ನೊಂದು ಕಥೆ. ಪಿಟೀಲಿನ ಸದ್ದು ಮಗುವಿಗೆ ಕಿವಿಯ ಕೆಳಗೇ ಕೇಳಿ ಅಭ್ಯಾಸ. ಸ್ಪೀಕರಿನಿಂದ ಅದೇ ಸದ್ದು ದೊಡ್ಡದಾಗಿ ಎದುರಿನಿಂದ ಬಂದರೆ ಬೇರೆ ಯಾರೋ ನುಡಿಸುತ್ತಿದ್ದಾರೆ ಅಂತ ಬೆಚ್ಚಿಬೀಳುತ್ತವೆ. ಮೇಷ್ಟ್ರು ಭಜನೆ ಮಂಡಳಿಯಿಂದ ಒಂದು ಮೈಕು, ಸ್ಪೀಕರು ಎರವಲು ತಂದು ಮಕ್ಕಳಿಗೆಲ್ಲ ಕೇಳಿಸಿದರು. ಆವತ್ತೇ ಪಿಟೀಲು ವಿದ್ವಾಂಸ ಚೌಡಯ್ಯನವರ ಕಥೆ ಬಂತು. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತವರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡಿದ್ದು, ಹಿಂದೆ ಕೂತವರಿಗೂ ನಾದ ತುಂಬಿ ಕೇಳಲಿ ಅಂತ. 'ನಿಂಗೆ ಮೈಕಿದೆ. ನಾಲ್ಕೇ ಸಾಕು' ಅಂದರು ಪುಟ್ಟಿಗೆ. ಅವಳು ಏಳು ತಂತಿಗೆ ಬಿಗಿಯುವ ಬಿರಡೆ ಎಲ್ಲಿರುತ್ತದೆ ಅಂತ ಕೇಳುತ್ತಾ ಹೆದರಿಕೆ ಮರೆತಳು.

ಹಬ್ಬದ ಸಂಜೆ ಆರಕ್ಕೆ ಅಂದಿದ್ದರು. ನಮ್ಮ ಕಡೆ ಆರು ಅಂದರೆ ಏಳೂವರೆ. ಮುಖ್ಯ ಅತಿಥಿಗಳ ಭಾಷಣ, ಹೂಗುಚ್ಛ, ಶಾಲು, ಮತ್ತೆ ಭಾಷಣ. ಹಿಂದೆ ಆರ್ಕೆಸ್ಟ್ರಾದವರು 'ಹಲೋ ಚೆಕ್ ಚೆಕ್' ಅನ್ನುತ್ತಿದ್ದರು. ಕಡಲೆಕಾಳು ಉಸಲಿಯ ದೊನ್ನೆ ಹಿಡಿದ ಮಕ್ಕಳು ವೇದಿಕೆಯ ಮುಂದೆಯೇ ಓಡಾಡುತ್ತಿದ್ದವು. ಕಾಯುವ ಹೊತ್ತೇ ಎಲ್ಲಕ್ಕಿಂತ ಕಷ್ಟ. ಪುಟ್ಟಿಯ ಕೈ ಹಿಡಿದರೆ ಮಂಜುಗಡ್ಡೆ. ಎಡಗೈ ಬೆವರು ಒರೆಸಿ ಮೇಷ್ಟ್ರು ಒಂದು ಚಿಟಿಕೆ ಪೌಡರ್ ಹಚ್ಚಿದರು. ಕಿವಿಯ ಹತ್ತಿರ ಶ್ರುತಿಪೆಟ್ಟಿಗೆ ಹಾಕಿ, ಉಸಿರು ಮೆಲ್ಲಗೆ ಪೂರ್ತಿ ಆಚೆ ಬಿಡು, ಮತ್ತೆ ಬಿಡು ಅಂತ ಹೇಳುತ್ತಾ ಕೂತರು. ಶ್ರುತಿ ಕೇಳುತ್ತಾ ಇದ್ದರೆ ಕತ್ತಲಲ್ಲಿ ಗೋಡೆ ಹಿಡಿದು ನಡೆದ ಹಾಗೆ ಅಂತ ಅವರು ಯಾವಾಗಲೂ ಅನ್ನುತ್ತಾರೆ. ನನಗೆ ಮಾತ್ರ ಬೇರೆ ಅಪ್ಪಣೆ. 'ನೀವು ಮುಂದೆ ಕೂರಬೇಡಿ. ನಿಮ್ಮ ಮುಖ ನೋಡಿದ್ರೆ ನನಗೇ ಭಯ ಆಗತ್ತೆ.' ನಾನು ಹಿಂದೆ, ಚಪ್ಪಲಿಗಳ ರಾಶಿಯ ಪಕ್ಕ ನಿಂತೆ.

ಅಂತೂ ಕರೆದರು. ಪುಟ್ಟಿ ಹೋಗಿ ಜಮಖಾನದ ಮೇಲೆ ಕೂತಳು. ಪಕ್ಕದಲ್ಲಿ ಮೃದಂಗಕ್ಕೆ ಮೇಷ್ಟ್ರ ಪರಿಚಯದ ಕಾಲೇಜು ಹುಡುಗ. ನಿರೂಪಕರು ಭರ್ಜರಿಯಾಗಿ, 'ಈಗ ನಮ್ಮ ಬಡಾವಣೆಯ ಪುಟಾಣಿ ಕಲಾವಿದೆಯಿಂದ ವೀಣಾವಾದನ!' ಅಂದುಬಿಟ್ಟರು. ಪುಟ್ಟಿ ಹುಬ್ಬು ಗಂಟಿಕ್ಕಿ ಅವರ ಕಡೆ ನೋಡಿದಳು. ಎದುರಿಗೆ ಮೈಕು ಇತ್ತಲ್ಲ. 'ಅಂಕಲ್, ಇದು ವೀಣೆ ಅಲ್ಲ. ಪಿಟೀಲು' ಅಂದಳು. ಪೆಂಡಾಲಿಗೆಲ್ಲ ಕೇಳಿಸಿತು. ಜನ ಹೋ ಅಂತ ನಕ್ಕರು. ಅವಳಿಗೆ ನಗು ಬರಲಿಲ್ಲ, ಕೋಪ ಬಂದಿತ್ತು. ಅದೇ ಕೋಪದಲ್ಲಿ ಕಮಾನು ಎತ್ತಿ ಶುರು ಮಾಡಿದಳು. ಒಂದು ಭಾಷಣಕ್ಕೂ ತೆಪ್ಪಗಾಗದ ಮಕ್ಕಳು ಉಸಲಿ ತಿನ್ನುತ್ತಾ ವೇದಿಕೆಯ ಅಂಚಿಗೆ ಬಂದು ನಿಂತವು.

ಮೊದಲ ಸಾಲು ಚೆನ್ನಾಗಿ ಹೋಯಿತು. ಕಮಾನು ಉದ್ದ ಬರುತ್ತಿತ್ತು. ಮಲಹರಿಯಲ್ಲಿ ಏರುವಾಗ ಗಾಂಧಾರ, ಅಂದರೆ ಗ, ಇಲ್ಲ, ರಿ ಆದ ಮೇಲೆ ಸೀದಾ ಮ. ನಿಷಾದವಂತೂ ಇಲ್ಲವೇ ಇಲ್ಲ. 'ರಿ ಮ ಪ ದ' ಬರುವ ಜಾಗಕ್ಕೆ ಹೋದಾಗ ಬೆರಳು ರಿ ಬಿಟ್ಟು ಗ ಮೇಲೆ ಬಿತ್ತು. ಸರಳೆ ವರಸೆಯಲ್ಲಿ ಸಾವಿರ ಸಲ ಓಡಾಡಿದ ದಾರಿ ಅದು, ಗಾಬರಿಯಾದ ಬೆರಳು ಹಳೆಯ ದಾರಿಗೇ ಹೋಯಿತು. ಅವಳಿಗೆ ತಕ್ಷಣ ಗೊತ್ತಾಯಿತು. ಕಮಾನು ನಿಂತಿತು.

ನನ್ನ ಜೀವ ಬಾಯಿಗೆ ಬಂತು. ಮೃದಂಗ ನಡೆಯುತ್ತಲೇ ಇತ್ತು. ಮೇಷ್ಟ್ರು ಮೊದಲ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಇದ್ದರು. ತಲೆ ಆಡಿಸಲಿಲ್ಲ, ಸನ್ನೆ ಮಾಡಲಿಲ್ಲ, ಏನೂ ಆಗಿಲ್ಲ ಎನ್ನುವ ಮುಖ. ಪೆಟ್ಟು, ಕೈ ಮಗುಚಿ ಹುಸಿ, ಮತ್ತೆ ಪೆಟ್ಟು, ಮೂರು ಬೆರಳು. ಪುಟ್ಟಿ ಕಮಾನು ತಂತಿಯ ಮೇಲೇ ಇಟ್ಟುಕೊಂಡು ಆ ಕೈಯನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಮುಂದಿನ ಪೆಟ್ಟಿಗೆ ಸರಿಯಾಗಿ ಹತ್ತಿಕೊಂಡಳು. ಈ ಸಲ ರಿ ಆದ ಮೇಲೆ ಮ ಬಂತು. ಸಂಗೀತ ಗೊತ್ತಿಲ್ಲದವರಿಗೆ ಆ ನಿಲುಗಡೆ ಬೇಕಂತಲೇ ಬಿಟ್ಟಿದ್ದು ಅನ್ನಿಸಿರಬೇಕು. ನನ್ನ ಪಕ್ಕ ನಿಂತಿದ್ದ ತರಕಾರಿ ಅಂಗಡಿಯವರು, 'ಮೃದಂಗಕ್ಕೆ ಚಾನ್ಸ್ ಕೊಟ್ಲು ನೋಡಿ' ಅಂದರು.

ಎರಡನೇ ಗೀತೆಗೆ ಬರುವಾಗ ಅವಳ ಭುಜ ಇಳಿದಿತ್ತು. ಸ್ವರಜತಿಯಲ್ಲಿ ಕೆಲವು ಕಡೆ ಶ್ರುತಿ ಆಚೀಚೆ ಆಯಿತು, ದೀಪದ ಬಿಸಿಗೋ ಏನೋ ತಂತಿಯೂ ಇಳಿದಿತ್ತು. ನಡೆಯಿತು. ಚಪ್ಪಾಳೆಯ ಮಧ್ಯೆ ಎದ್ದು ನಮಸ್ಕಾರ ಮಾಡುವುದನ್ನು ಮರೆತು ಪಿಟೀಲು ಪೆಟ್ಟಿಗೆಗೆ ಹಾಕತೊಡಗಿದಳು. ಕೆಳಗೆ ಬಂದ ಮೇಲೆ ನನಗೆ ಹೇಳಿದ ಮೊದಲ ಮಾತು, 'ಅಮ್ಮಾ, ಗ ಹೊಡೆದೆ. ಆದ್ರೆ ಹಿಂದಕ್ಕೆ ಹೋಗ್ಲಿಲ್ಲ.' ಎರಡನೆಯದು, 'ಉಸಲಿ ಖಾಲಿ ಆಯ್ತಾ?'

ಈಗ ಹೇಗಿದ್ದಾಳೆ ಅಂದರೆ, ದಸರಾ ಹೊತ್ತಿಗೆ ನಮ್ಮ ನಾದಿನಿಯ ಅಪಾರ್ಟ್‌ಮೆಂಟಿನ ಬೊಂಬೆ ಹಬ್ಬಕ್ಕೆ ಕರೆದರು, ಬರಲ್ಲ ಅಂದಳು. ನಾದಿನಿಗೆ ಬೇಜಾರಾಯಿತು. ಆದರೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳಲಿಲ್ಲ. ಎದುರಿಗೇ ನಿಂತು, 'ಅತ್ತೆ, ಅಲ್ಲಿ ಎಲ್ಲರೂ ವಿಡಿಯೊ ಮಾಡ್ತಾರೆ, ನಂಗಿಷ್ಟ ಇಲ್ಲ' ಅಂತ ಹೇಳಿದಳು. ಎದುರು ಮನೆಯ ಆಂಟಿ ಕೇಳಿದರೆ ತಕ್ಷಣ ನುಡಿಸುತ್ತಾಳೆ. ಕೈ ಈಗಲೂ ತಣ್ಣಗಾಗುತ್ತದೆ, ಪೌಡರ್ ಡಬ್ಬಿ ಪಿಟೀಲು ಪೆಟ್ಟಿಗೆಯಲ್ಲೇ ಇರುತ್ತದೆ.

ಸದ್ಯಕ್ಕೆ ಅವಳ ತಲೆಬಿಸಿಯೇ ಬೇರೆ. ಕೈ ಉದ್ದವಾಗಿ ಅರ್ಧದ ಪಿಟೀಲು ಚಿಕ್ಕದಾಗಿದೆ. ಹೋದ ತಿಂಗಳು ಮುಕ್ಕಾಲು ಅಳತೆಯದು ತಂದೆವು. ತಂತಿ ಉದ್ದವಾದ ಮೇಲೆ ಸ್ವರದ ಜಾಗಗಳೆಲ್ಲ ದೂರ ದೂರ ಸರಿದವು. ಅಭ್ಯಾಸವಾಗಿದ್ದ ಬೆರಳು ಇಟ್ಟಲ್ಲೆಲ್ಲ ಅಪಸ್ವರ. ಮತ್ತೆ ಸರಳೆ ವರಸೆಯಿಂದ ಶುರು ಮಾಡಿದ್ದಾಳೆ, ಬೆಳಿಗ್ಗೆ ಆರಕ್ಕೇ. ಪಕ್ಕದ ಮನೆಯವರ ಕಿಟಕಿ ಮತ್ತೆ ಮುಚ್ಚಿದೆ. ಪುಷ್ಯದ ಆರಾಧನೆಗೆ ಮುಂದಿನ ಸಾಲಿನಲ್ಲಿ ಕೂರು ಅಂತ ಮೇಷ್ಟ್ರು ಹೇಳಿದ್ದಾರೆ. ಅಷ್ಟರಲ್ಲಿ ಈ ಪಿಟೀಲಿನಲ್ಲಿ ಗಾಂಧಾರ ಎಲ್ಲಿದೆ ಅಂತ ಮೊದಲು ಗೊತ್ತಾಗಲಿ, ಆಮೇಲೆ ನೋಡೋಣ ಅಂದಿದ್ದಾಳೆ.